ಸರಸಮ್ಮ ಛತ್ರ ನೋಡಿದ್ದು

ಗುಡೇಮಾರನಹಳ್ಳಿಯ ಸರಸಮ್ಮನಿಗೆ ತಾಳ್ಮೆ ಕಡಿಮೆ ಅನ್ನುವುದು ಊರಿಗೆಲ್ಲ ಗೊತ್ತಿದ್ದ ಮಾತು. ಡೇರಿಯಲ್ಲಿ ಹಾಲು ಅಳೆಯುವುದು ಒಂದಿಷ್ಟು ತಡವಾದರೆ ಕ್ಯಾನನ್ನು ನೆಲಕ್ಕೆ ಕುಕ್ಕಿ, "ನಾವೇನ್ ಇಲ್ಲೇ ಬಿಡಾರ ಹೂಡಕ್ ಬಂದಿದ್ದೀವಾ?" ಎನ್ನುವ ಹೆಂಗಸು. ಗಂಡ ಕೃಷ್ಣಪ್ಪ ಇದಕ್ಕೆ ಪೂರ್ತಿ ಉಲ್ಟಾ. ಮಳೆ ಬಂದರೂ "ಚೆನ್ನಾಗೈತೆ", ಹೋದರೂ "ನೋಡಾನ ಬುಡು". ಇಂಥವನ ಜೊತೆ ಏಗಿ ಏಗಿಯೇ ತನ್ನ ನಾಲಗೆ ಹೀಗೆ ಚೂಪಾಯಿತು ಎಂದು ಸರಸಮ್ಮ ಹೇಳಿಕೊಳ್ಳುತ್ತಿದ್ದಳು.

ಇವರಿಗೆ ಒಬ್ಬಳೇ ಮಗಳು ದಿವ್ಯ. ಪೀಣ್ಯದ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಹೊಲಿಗೆ ಕೆಲಸಕ್ಕೆ ಸೇರಿ ಐದು ವರ್ಷವಾಗಿತ್ತು. ಬೆಳಕು ಹರಿಯುವ ಮುಂಚೆ ವ್ಯಾನು ಬಂದು ಸುತ್ತಮುತ್ತಲ ಹಳ್ಳಿಯ ಹುಡುಗಿಯರನ್ನೆಲ್ಲ ತುಂಬಿಕೊಂಡು ಹೋದರೆ, ದೀಪ ಹಚ್ಚಿದ ಮೇಲೆಯೇ ತಂದು ಬಿಡುತ್ತಿತ್ತು. ಎರಡು ಸಾವಿರದ ಆರನೇ ಇಸವಿಯಲ್ಲಿ ದಿವ್ಯಳಿಗೆ ತಿಪ್ಪಸಂದ್ರದ ದೀಪುವಿನ ಜೊತೆ ಮದುವೆ ಗೊತ್ತಾಯಿತು. ಹುಡುಗ ಬಿಡದಿಯ ಕಡೆ ಕಾರು ಕಾರ್ಖಾನೆಯಲ್ಲಿದ್ದ. ಅವನಿಗೆ ತಂದೆ ಇರಲಿಲ್ಲ. ಬೆಂಗಳೂರಿನಲ್ಲಿ ನಾಲ್ಕು ಲಾರಿ ಇಟ್ಟುಕೊಂಡಿದ್ದ ಸೋದರಮಾವ ಅನಂತರಾಜುವೇ ಮುಂದೆ ನಿಂತು ಮಾತಾಡಿದ್ದ.

ತಾಂಬೂಲ ಬದಲಾಯಿಸಿಕೊಂಡ ದಿನವೇ ಅನಂತರಾಜು, "ಮದ್ವೆ ಬೆಂಗಳೂರಲ್ಲೇ ಆಗ್ಬೇಕು ಅಂತ ಮಾತಾಗೈತೆ ಸರಸಮ್ಮೋರೆ. ಒಸಿ ಸ್ಪೆಷಲ್ಲಾಗಿರೋ ಛತ್ರನೇ ನೋಡಾನ," ಎಂದ.

ಸರಸಮ್ಮನಿಗೆ ಅಲ್ಲೇ ಪಿತ್ತ ಕೆರಳಿತು. ಹೆಣ್ಣಿನ ಕಡೆಯವರು ಮಾಗಡಿ ತಾಲ್ಲೂಕು, ಗಂಡಿನ ಕಡೆಯವರೂ ಮಾಗಡಿ ತಾಲ್ಲೂಕು. ನೆಂಟರಿಷ್ಟರೆಲ್ಲ ಕೂಗಿದರೆ ಓಗೊಡುವಷ್ಟು ದೂರದಲ್ಲಿದ್ದಾರೆ. ಇಷ್ಟೂ ಜನರನ್ನು ಬಸ್ಸಿಗೆ ತುಂಬಿಕೊಂಡು ಬೆಂಗಳೂರಿಗೆ ಹೋಗಿ, ಅಲ್ಲಿ ಒಬ್ಬರ ಮುಖ ಒಬ್ಬರು ನೋಡಿ ವಾಪಸ್ ಬರಬೇಕೆ? ಆದರೆ ಬೀಗರ ಮಾತು, ಎದುರಾಡುವಂತಿಲ್ಲ. ಕೃಷ್ಣಪ್ಪನಂತೂ ಅಷ್ಟರಲ್ಲಾಗಲೇ "ಆಯ್ತು ಬುಡಿ, ಚೆನ್ನಾಗಿರ್ತದೆ" ಎಂದುಬಿಟ್ಟಿದ್ದ.

ಹೀಗೆ ಛತ್ರ ನೋಡುವ ತಿರುಗಾಟ ಶುರುವಾಯಿತು. ಅನಂತರಾಜುವಿನ ಕಾರಿನಲ್ಲಿ ಹಿಂದಿನ ಸೀಟಿಗೆ ಗಂಡಹೆಂಡಿರು. ಮೊದಲನೆಯದು ರಾಜಾಜಿನಗರದ ಕಡೆ ಒಂದು ಏಸಿ ಹಾಲ್. ಧಾರೆ ಮೂರನೇ ಮಹಡಿಯಲ್ಲಿ, ಊಟ ನೆಲದಡಿಯಲ್ಲಿ. "ಅಡುಗೆಯೋರು ನಮ್ಮೋರೇ ಆಗ್ಬೇಕು. ಹತ್ತಿ ಇಳಿಯಕ್ಕೆ ಲಿಫ್ಟ್ ಐತೆ," ಎಂದ ಮ್ಯಾನೇಜರು. ಊರಿನ ಮುದುಕಿಯರೆಲ್ಲ ಆ ಕಬ್ಬಿಣದ ಪೆಟ್ಟಿಗೆಯೊಳಗೆ ನಿಂತು ದೇವರ ನಾಮ ಹೇಳುವುದನ್ನು ನೆನೆದು ಸರಸಮ್ಮ ಅಲ್ಲಿಂದ ಹೊರಗೆ ಬಂದಳು.

ಎರಡನೆಯದರಲ್ಲಿ ಬಾಗಿಲಿಗೆ ಸಿಮೆಂಟಿನ ಆನೆಗಳು. ವೇದಿಕೆಯ ಮೇಲೆ ಒಂದು ದೊಡ್ಡ ಗುಲಾಬಿ ಬಣ್ಣದ ಕಮಲ. ಅಲ್ಲಿದ್ದವನು ಗುಂಡಿ ಒತ್ತಿದ. ಗರಗರ ಸದ್ದು ಮಾಡುತ್ತ ದಳಗಳು ಬಿಚ್ಚಿಕೊಂಡವು. ಒಳಗಿನಿಂದ ಎರಡು ಕುರ್ಚಿ ಮೇಲೆದ್ದು ಬಂದವು.

"ಮದುಮಕ್ಳು ಇದರೊಳಗಿಂದ ಎದ್ ಬತ್ತಾರೆ," ಎಂದು ಅನಂತರಾಜು ಹೆಮ್ಮೆಯಿಂದ ವಿವರಿಸಿದ.

"ಅರ್ಧಕ್ಕೆ ಬಂದಾಗ ಕರೆಂಟ್ ಹೋದ್ರೆ?"

"ಜನರೇಟರ್ ಐತಮ್ಮ," ಎಂದ ಗುಂಡಿ ಒತ್ತಿದವನು.

"ಜನರೇಟರ್ ಹತ್ತೋಗಂಟ ನನ್ ಮಗಳು ಹೂವಿನೊಳಗೆ ಕಪ್ಪೆ ಹಂಗೆ ಕುಂತಿರ್ಬೇಕಾ?"

"ಚೆನ್ನಾಗೈತೆ ಕಣೆ," ಎಂದ ಕೃಷ್ಣಪ್ಪ ಕಮಲವನ್ನೇ ನೋಡುತ್ತ. ಸರಸಮ್ಮ ಅವನ ಕಡೆ ನೋಡಿದ ನೋಟಕ್ಕೆ ಬೇರೆ ಯಾರಾದರೂ ಆಗಿದ್ದರೆ ಬೆವರುತ್ತಿದ್ದರು.

ಮೂರನೆಯ ದಿನ ಅನಂತರಾಜು ಬೆಂಗಳೂರಿನ ಆಚೆಗೆ ಕರೆದೊಯ್ದ. ಹುಲ್ಲು ಬೆಳೆಸಿದ ದೊಡ್ಡ ಬಯಲು, ಬೇಲಿಯುದ್ದಕ್ಕೂ ಬಣ್ಣದ ದೀಪ. ಮೂಲೆಯಲ್ಲಿ ಹಳೆಯ ಬಾವಿಕಟ್ಟೆಯೊಂದು ಉಳಿದಿತ್ತು. ನೋಡಿದ ಕೂಡಲೇ ಸರಸಮ್ಮನಿಗೆ ಅದು ಯಾರದೋ ರಾಗಿ ಹೊಲವಾಗಿತ್ತೆಂದು ಗೊತ್ತಾಯಿತು.

"ಓಪನ್ ಏರ್ ಅಂತಾರೆ ಇದಕ್ಕೆ. ಈಗ ಇದೇ ಫ್ಯಾಶನ್ನು," ಎಂದ ಅನಂತರಾಜು.

"ಹೊಲ್ದಲ್ಲಿ ಮದ್ವೆ ಮಾಡಕೆ ಇಷ್ಟ್ ದೂರ ಬರ್ಬೇಕಾ ಅನಂತರಾಜಣ್ಣ? ನಮ್ದೇ ಐತಲ್ಲ ಮನೆ ಹಿಂದೆ, ರಾಗಿ ಕುಯ್ದು ಚೊಕ್ಕಟವಾಗೈತೆ. ನಾಕು ಸೀರಿಯಲ್ ಲೈಟ್ ಕಟ್ಟಿದ್ರೆ ಆಯ್ತಪ್ಪ!"

ವಾಪಸು ಬರುವಾಗ ನೆಲಮಂಗಲದ ಹತ್ತಿರ ಲಾರಿಗಳ ಸಾಲಿನಲ್ಲಿ ಕಾರು ಸಿಕ್ಕಿಕೊಂಡಿತು. ಹೊಸ ರಸ್ತೆಗೆ ಮಣ್ಣು ಸುರಿದು ಒಂದೇ ಧೂಳು. ಸರಸಮ್ಮ ಸುಮ್ಮನಿರಲಾರದೆ, "ಗಂಡಿನ ಕಡೆಯೋರು ಅಂದ್ಮೇಲೆ ಕುಣಿಸ್ದಂಗೆ ಕುಣೀಬೇಕು ಬುಡಿ. ನಿಮ್ ಹುಡುಗನ ಆಫೀಸರುಗಳಿಗೆ ನಮ್ಮೂರು ರುಚಿಸಲ್ಲ, ಅಲ್ವಾ?" ಎಂದಳು.

ಅನಂತರಾಜು ಕಾರು ಆಫ್ ಮಾಡಿ ಹಿಂದಕ್ಕೆ ತಿರುಗಿದ. ಅವನಿಗೂ ಸಾಕಾಗಿತ್ತು.

"ಏನಮ್ಮಾ ಹಿಂಗಂತೀರಿ? ನಮ್ ಹುಡುಗ ತಿಪ್ಪಸಂದ್ರದ ಮನೆ ಮುಂದೆ ಚಪ್ಪರ ಹಾಕ್ಸಿದ್ರೆ ಸಾಕು ಮಾವ ಅಂದವ್ನೆ. ಬೆಂಗಳೂರೇ ಆಗ್ಬೇಕು ಅಂತ ಹಟ ಹಿಡಿದಿರೋಳು ನಿಮ್ ಮಗಳು! ಫೋನ್‌ನಲ್ಲಿ ಅವನತ್ರ ಅಂದ್ಳಂತೆ. ಅವ್ವಂಗೆ ಹೇಳ್ಬೇಡಿ, ಬೈತಾಳೆ ಅಂತ ಬೇರೆ. ನಂಗೇನ್ ಲಾರಿ ಬುಟ್ಟು ಹೂವಿನ ಗುಂಡಿ ಒತ್ಸಿ ನೋಡೋ ಚಟ ಇದ್ದದಾ?"

ಸರಸಮ್ಮ ಆಮೇಲೆ ಊರು ಮುಟ್ಟುವವರೆಗೆ ಕಿಟಕಿ ಗಾಜನ್ನು ಏರಿಸುತ್ತ ಇಳಿಸುತ್ತ ಕುಳಿತಳು. ಕೃಷ್ಣಪ್ಪನಿಗೆ ಅದು ಬೈಗುಳಕ್ಕಿಂತ ಹೆಚ್ಚು ಭಯ ತಂದಿತು.

ಸಂಜೆ ವ್ಯಾನಿನಿಂದ ಇಳಿದ ದಿವ್ಯ ಹೊಸ್ತಿಲು ದಾಟುವ ಮೊದಲೇ ಸರಸಮ್ಮ ಅಡ್ಡ ನಿಂತಳು. "ಏನೇ, ನಿನ್ ಕಣ್ಣಿಗೆ ಊರು ಸಣ್ಣದಾಯ್ತಾ? ಮೂರ್ ದಿನದಿಂದ ಬೀದಿನಾಯಿ ಹಂಗೆ ತಿರುಗ್ಸಿದ್ಯಲ್ಲೇ!"

ದಿವ್ಯ ಊಟದ ಡಬ್ಬಿ ಹಿಡಿದುಕೊಂಡೇ ಜಗಲಿಯ ಮೇಲೆ ಕುಳಿತಳು. "ನಂಗ್ ಸ್ಪೆಷಲ್ಲು ಗಿಸ್ಪೆಷಲ್ಲು ಏನೂ ಬೇಡ್ದು ಕಣವ್ವ. ಅದು ಅನಂತರಾಜು ಮಾವ ಸೇರ್ಸಿದ್ದು. ಫ್ಯಾಕ್ಟರೀಲಿ ನಮ್ ಹೊಲಿಗೆ ಲೈನ್‌ನೋರು ಬರ್ಬೇಕು, ಅಷ್ಟೇಯ. ಹೋದ್ ಸಾರಿ ನಮ್ ಜೊತೆ ಕೆಲ್ಸ ಮಾಡೋ ಪುಟ್ಟಿ ಮದ್ವೆ ಅವರೂರಲ್ಲಿ ಆಯ್ತು. ರಜಾ ಕೊಡ್ಲಿಲ್ಲ, ಒಬ್ಬರೂ ಹೋಗಕಾಗ್ಲಿಲ್ಲ. ಪೀಣ್ಯದತ್ರ ಆದ್ರೆ ರಿಸೆಪ್ಷನ್‌ಗೆ ಕೆಲ್ಸ ಬುಟ್ಟು ಹಂಗೇ ನಡ್ಕಂಡ್ ಬತ್ತಾರೆ. ಐದು ವರ್ಷ ಪಕ್ಕದ ಮಿಷನ್‌ನಲ್ಲಿ ಕುಂತೋರು ಅವ್ವ. ನನ್ ಜೊತೆಗಾತಿ ಇಸ್ಮತ್ ಬರ್ದಿದ್ರೆ ನಂಗ್ ಎಂಥಾ ಮದ್ವೆ?"

ಸರಸಮ್ಮನಿಗೆ ಬೈಯಲು ಇನ್ನೂ ಬಹಳ ಇತ್ತು. ಆದರೆ ತನ್ನ ಧಾರೆಯ ದಿನ ನೆನಪಿಗೆ ಬಂತು. ಆಗ ಗಂಡಿನ ಮನೆಯಲ್ಲೇ ಮದುವೆ. ತವರಿನಿಂದ ಗಾಡಿ ಕಟ್ಟಿಕೊಂಡು ಬಂದವರೆಲ್ಲ ನರೆತ ತಲೆಯವರು. ಜೊತೆಯಲ್ಲಿ ಕಳೆ ಕಿತ್ತ, ಬಾವಿಗೆ ಹೋದ ಹುಡುಗಿಯರು ಯಾರೂ ಬಂದಿರಲಿಲ್ಲ. ಚಪ್ಪರದ ಸಂದಿಯಲ್ಲಿ ತನ್ನ ವಯಸ್ಸಿನ ಒಂದು ಮುಖಕ್ಕಾಗಿ ಅವಳು ಹುಡುಕಿದ್ದಳು. ಅದನ್ನು ಮಗಳಿಗೆ ಹೇಳಲಿಲ್ಲ. "ಮೊದ್ಲೇ ಬೊಗಳಕ್ಕೇನಾಗಿತ್ತು ರೋಗ?" ಎಂದಷ್ಟೇ ಹೇಳಿ ಮುದ್ದೆಗೆ ಎಸರಿಡಲು ಎದ್ದಳು.

ಮಾರನೆಯ ದಿನ ಅನಂತರಾಜುವಿಗೆ ಅವಳೇ ಫೋನು ಮಾಡಿಸಿದಳು. ಫ್ಯಾಕ್ಟರಿ ಗೇಟಿನಿಂದ ಕೂಗಳತೆಯಲ್ಲಿ ಒಂದು ಛತ್ರ ಸಿಕ್ಕಿತು. ಕೆಳಗೆ ಸಿಮೆಂಟು, ಕಬ್ಬಿಣದ ಅಂಗಡಿ, ಮೇಲೆ ಮಂಟಪ. ಸುಣ್ಣ ಹೊಡೆದು ವರ್ಷಗಳಾಗಿದ್ದವು. "ಇದ್ಯಾವ ಸೀಮೆ ಸ್ಪೆಷಲ್ಲು?" ಎಂದು ಈ ಸಲ ತಲೆ ಚಚ್ಚಿಕೊಂಡವನು ಅನಂತರಾಜು.

ರಿಸೆಪ್ಷನ್ ಸಂಜೆ ದಿವ್ಯ, ದೀಪು ಸಿಂಗರಿಸಿಕೊಂಡು ವೇದಿಕೆ ಮೇಲೆ ಕೂತರು. ಊರಿನ ಬಸ್ಸಿನ ಜನ ಬಂದರು, ಉಂಡರು, ಎಲೆಯಡಿಕೆ ಹಾಕಿಕೊಂಡರು. ಫ್ಯಾಕ್ಟರಿಯವರ ಸುಳಿವೇ ಇಲ್ಲ. ದಿವ್ಯ ಫೋಟೋಗೆ ನಗುತ್ತ ಬಾಗಿಲನ್ನೇ ನೋಡುತ್ತಿದ್ದಳು. ಅಡುಗೆಯವರು ಪಾತ್ರೆ ತೊಳೆಯಲು ಹೊರಟಾಗ ಸರಸಮ್ಮ, "ಅನ್ನದ ಕೊಪ್ಪರಿಗೆ ಮುಟ್ಟಿದ್ರೆ ನೋಡಿ!" ಎಂದು ಗದರಿಸಿ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲಿಳಿದಳು. ರೇಷ್ಮೆ ಸೀರೆ, ಮುಡಿತುಂಬ ಮಲ್ಲಿಗೆ, ಲಾರಿಗಳ ನಡುವೆ ದಾಪುಗಾಲು.

ಗೇಟಿನ ಕಾವಲಿಗೆ ಕೆಂಚಯ್ಯನೆಂಬ ಮುದುಕನಿದ್ದ. "ಅರ್ಜೆಂಟ್ ಮಾಲು ಹೋಗ್ಬೇಕಂತೆ ಕಣಮ್ಮ, ಓಟಿ ಡ್ಯೂಟಿ ಹಾಕವ್ರೆ. ಮುಗಿಯೋಗಂಟ ಬುಡಲ್ಲ," ಎಂದ.

"ಮದುಮಗಳ ತಾಯಿ ಬಂದವ್ಳೆ ಅಂತ ಒಳಗೆ ಹೇಳಪ್ಪ."

"ನನ್ ಮಾತು ಯಾರ್ ಕೇಳ್ತಾರೆ?"

ಅವಳು ಗೇಟಿಗೆ ಕೈಯಿಂದ ಬಡಿದಳು, ಕೂಗಿದಳು, ಮ್ಯಾನೇಜರನ್ನು ಕರೆ ಎಂದಳು. ಯಾರೂ ಬರಲಿಲ್ಲ. ಒಳಗೆ ನೂರಾರು ಮಿಷನ್ನುಗಳ ಸದ್ದು. ಕೊನೆಗೆ ಕೆಂಚಯ್ಯ ತನ್ನ ಸ್ಟೂಲು ಕೊಟ್ಟ. ಅವಳು ಕೂರಲಿಲ್ಲ. ಇದೇ ಗೇಟಿನೊಳಗೆ ಮಗಳು ಐದು ವರ್ಷ ಹೋಗಿ ಬಂದದ್ದು, ತಾನು ಒಂದು ದಿನವೂ ಈ ಕಡೆ ಬಂದು ನೋಡಿರಲಿಲ್ಲ.

ಕೊನೆಗೂ ಸದ್ದು ನಿಂತಿತು. ಸಣ್ಣ ಬಾಗಿಲಿನಿಂದ ಹುಡುಗಿಯರು ಒಬ್ಬೊಬ್ಬರಾಗಿ ಹೊರಬಂದರು. ಸೀರೆ, ಚೂಡಿದಾರದ ಮೇಲೆಲ್ಲ ದಾರದ ಎಳೆ. ಮುಂದೆ ಇದ್ದ ತೆಳ್ಳನೆಯ ಹುಡುಗಿ ಸರಸಮ್ಮನನ್ನು ನೋಡಿ ನಿಂತಳು. ದಿವ್ಯ ತೋರಿಸಿದ್ದ ಫೋಟೋದಲ್ಲಿದ್ದ ಇಸ್ಮತ್.

"ಅಮ್ಮಾ, ನೀವ್ಯಾಕ್ ಬಂದ್ರಿ? ನಾವು ಹಿಂಗೇ ಹೆಂಗ್ ಬರೋದು, ನೋಡಿ ನಮ್ ಅವತಾರನ."

"ಅವತಾರ ನೋಡಕ್ಕೆ ಯಾರ್ ಕರೆದ್ರು? ಉಣ್ಣಕ್ಕೆ ಕರೆದಿರೋದು. ನಡೀರೇ! ಅನ್ನ ಆರಿ ಹೋಗ್ತಾ ಐತೆ, ಅಲ್ಲಿ ಅವಳು ಬಾಗ್ಲು ನೋಡಿ ನೋಡಿ ಕತ್ತು ಉಳುಕಿಸ್ಕಂಡವ್ಳೆ."

ಕೈ ಅಡ್ಡ ಹಿಡಿದು ಲಾರಿ ನಿಲ್ಲಿಸಿ, ಅಷ್ಟೂ ಜನರನ್ನು ರಸ್ತೆ ದಾಟಿಸಿದಳು. ಹಾರ್ನು ಹೊಡೆದ ಡ್ರೈವರನಿಗೂ ಒಂದು ಪಾಲು ಬೈಗುಳ ಸಿಕ್ಕಿತು. ಮೆಟ್ಟಿಲ ತುದಿಯಲ್ಲಿ ಇಸ್ಮತಳ ತಲೆ ಕಾಣಿಸುತ್ತಿದ್ದಂತೆ ದಿವ್ಯ ಫೋಟೋದವನನ್ನು ಸರಿಸಿ, ಹಾರ ಹಾಕಿಕೊಂಡೇ ವೇದಿಕೆಯಿಂದಿಳಿದು ಓಡಿಬಂದಳು.

"ಮದುಮಗಳು ಹಿಂಗ್ ಓಡ್ತಾಳೇನೇ?" ಎಂದು ಸರಸಮ್ಮ ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಅವಳು ಸಾರಿನ ಬಕೆಟ್ಟು ಎತ್ತಿಕೊಂಡಳು. ಕೃಷ್ಣಪ್ಪ ಹೇಳದೆಯೇ ಎಲೆ ಹಾಕುತ್ತ ಹೊರಟ.