ಹೂ ಕೇಳದೆ ತೆಗೆಸಿದ ಹಲ್ಲು

ನಮ್ಮ ದೊಡ್ಡಮ್ಮನ ಎಡಗೆನ್ನೆಯಲ್ಲಿ ಸದಾ ಒಂದು ಲವಂಗವಿರುತ್ತಿತ್ತು. ಮಾತನಾಡುವಾಗ ಅದನ್ನು ನಾಲಿಗೆಯಿಂದ ಮೂಲೆಗೆ ಒತ್ತಿ, ಮಾತು ಮುಗಿದ ಮೇಲೆ ಮತ್ತೆ ನೋಯುವ ಹಲ್ಲಿಗೆ ತಂದುಕೊಳ್ಳುತ್ತಿದ್ದರು. ಬೆಂದ ಹುರುಳಿಕಾಳನ್ನೂ ಬಲಗಡೆಯಿಂದಲೇ ಅಗಿಯುತ್ತಿದ್ದರು.

ಹುತ್ರಿದುರ್ಗದ ಕಡೆಯ ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೇ ಮೊದಲು. ತುಮಕೂರಿನಲ್ಲಿ ಓದುವಾಗಲೂ ಆಮೇಲೂ ಉಪ್ಪಾರಹಳ್ಳಿಯ ದೊಡ್ಡಮ್ಮನ ಮನೆಯಲ್ಲಿಯೇ ಇದ್ದೆ. ಸೈಟು ಕೊಳ್ಳುವುದಿರಲಿ, ಸಂಬಂಧ ನೋಡುವುದಿರಲಿ, ಸೋಮವಾರ ಈಶ್ವರನ ಗುಡಿಯಲ್ಲಿ ಹೂ ಕೇಳದೆ ಅವರು ಹೆಜ್ಜೆ ಇಡುತ್ತಿರಲಿಲ್ಲ. ಲಿಂಗದ ಮೇಲಿನ ಹೂ ಬಲಕ್ಕೆ ಬಿದ್ದರೆ ಒಪ್ಪಿಗೆ. ಎಡಕ್ಕೆ ಬಿದ್ದರೆ ಬೇಡ.

ಗುಬ್ಬಿಯ ಕಾಲೇಜೊಂದರಲ್ಲಿ ನನಗೆ ಉಪನ್ಯಾಸಕಿಯ ಕೆಲಸ ಸಿಕ್ಕ ವರ್ಷ ನನ್ನ ಕೆಳಗಿನ ಬುದ್ಧಿಹಲ್ಲಿನ ಒಸಡು ಮತ್ತೆ ಬಾತು, ಬಾಯಿ ಸರಿಯಾಗಿ ತೆರೆಯದಾಯಿತು. ತರಗತಿಗಳು ಆರಂಭವಾಗುವುದರಲ್ಲಿದ್ದವು. ಮಾತನಾಡಲಾರದ ಉಪನ್ಯಾಸಕಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಇತ್ತ, ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆಂದು ಊರಿನಿಂದ ಅಮ್ಮ ಫೋನಿನಲ್ಲಿ ಅಳುತ್ತಿದ್ದರು. "ಸೋಮವಾರ ಹೂ ಕೇಳಿ ನೋಡೋಣ ದೊಡ್ಡಮ್ಮ" ಎಂದೆ.

ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ಎದ್ದರು. "ನಡಿ, ಡಾಕ್ಟ್ರತ್ರ."

ಎಕ್ಸ್‌ರೇಯಲ್ಲಿ ಹಲ್ಲು ಅಡ್ಡ ಮಲಗಿ ಪಕ್ಕದ ಹಲ್ಲನ್ನು ಒತ್ತುತ್ತಿತ್ತು. "ಪದೇ ಪದೇ ಊದ್ಕೊಳ್ತಿದೆ, ತೆಗೆಸೋದೇ ಒಳ್ಳೇದು. ಮೊದ್ಲು ಮಾತ್ರೇಲಿ ಊತ ಇಳೀಲಿ" ಎಂದರು ಡಾಕ್ಟರಮ್ಮ.

"ಕಣ್ಣಿಗೇನಾದ್ರೂ ಆಯ್ತದಾ?" ದೊಡ್ಡಮ್ಮ ನೇರವಾಗಿ ಕೇಳಿದರು.

"ಕಣ್ಣಿಗೂ ಇದಕ್ಕೂ ಸಂಬಂಧ ಇಲ್ಲಮ್ಮ."

"ಮೇಲಿನ್ ಬುದ್ಧಿಹಲ್ಲು?"

"ನೆಟ್ಟಗಿದೆ, ನೋವಿಲ್ಲ. ಅದರ ಪಾಡಿಗೆ ಅದಿರ್ಲಿ."

"ಹಂಗಾದ್ರೆ ಇದೊಂದು ತೆಗೀರಿ."

ಆಟೊದಲ್ಲಿ ಮೆಲ್ಲಗೆ ಕೇಳಿದೆ: "ಹೂ ಕೇಳ್ಲೇ ಇಲ್ವಲ್ಲ?"

"ನನ್ ಹಲ್ಲು ಕೀಳ್ಸಕ್ಕೆ ಕೇಳಿದ್ದೆ ಕಣೇ. ಎಡಕ್ಕೆ ಬಿತ್ತು. ಹೋದ ಜೀವ ಬಂದಂಗಾಯ್ತು, ಅಷ್ಟು ಭಯ ಇತ್ತು ನಂಗೆ. ಈಶ್ವರನೇ ಬ್ಯಾಡ ಅಂದ ಅಂತ ಎಲ್ರಿಗೂ ಹೇಳ್ಕಂಡು ಓಡಾಡ್ದೆ. ಈಗ ನೋಡು, ಲವಂಗ ಮೇಯ್ತಾ ಕೂತಿದೀನಿ. ನಿನ್ ಭಯಾನ ಅವನ ತಲೆ ಮೇಲೆ ಹಾಕ್ಬ್ಯಾಡ."

ಊತ ಇಳಿದ ಮೇಲೆ ಹಲ್ಲು ತೆಗೆಸಿದೆ. ಕೆನ್ನೆ ಹಿಡಿದು ಮಲಗಿದ್ದಾಗ ದೊಡ್ಡಮ್ಮ ಬಿಲ್ವಪತ್ರೆ ಹಿಡಿದು ಹೊಸ್ತಿಲಲ್ಲಿ ನಿಂತರು. "ಗುಡಿಗೆ ಹೋಗ್ಬತ್ತೀನಿ. ಕೇಳಕ್ಕಲ್ಲ, ಹೇಳಕ್ಕೆ."

ತರಗತಿಯ ಮೊದಲ ದಿನ ಕೊನೆಯ ಬೆಂಚಿಗೂ ಕೇಳಿಸುವಂತೆ ಪಾಠ ಮಾಡಿದೆ.

ಹೋದ ವರ್ಷ ದೊಡ್ಡಮ್ಮ ತೀರಿಕೊಂಡರು. ಈಚೆಗೆ ನನ್ನ ಮೇಲಿನ ಬುದ್ಧಿಹಲ್ಲಿನಲ್ಲಿ ಹುಳುಕು ಕಾಣಿಸಿಕೊಂಡಿದೆ. ಭಯವೇನೂ ಕಡಿಮೆಯಾಗಿಲ್ಲ, ಆದರೂ ಗುರುವಾರ ತೆಗೆಸುವುದೆಂದು ಡಾಕ್ಟರಮ್ಮನಿಗೆ ತಿಳಿಸಿದ್ದೇನೆ. ಅದರ ಮುಂದಿನ ಸೋಮವಾರ ಈಶ್ವರನ ಗುಡಿಗೆ ಹೋಗಬೇಕು, ಹೇಳಿ ಬರುವುದಕ್ಕೆ.