ಬೀಜಕ್ಕೆ ಬಿಟ್ಟ ಮೂರು ಹಣ್ಣು

ನಾಲ್ಕು ವರ್ಷ ನಾನು ಟೊಮೆಟೊ ಹೂವುಗಳಿಗೆ ಮದುವೆ ಮಾಡಿಸಿದ್ದೇನೆ. ನಮ್ಮೂರು ಮಗ್ಗೆಯಲ್ಲಿ, ಮನೆಯ ಹಿತ್ತಲಲ್ಲಿ ಕೂತು, ಅರಳುವ ಮುನ್ನವೇ ನಮ್ಮ ಗಿಡದ ಮೊಗ್ಗು ಬಿಡಿಸಿ, ಕೇಸರ ಕಿತ್ತು, ಹೆಗ್ಗದ್ದೆಯಿಂದ ತಂದ ಗೋಲಿಯಷ್ಟು ಪುಟ್ಟ ಹಣ್ಣಿನ ಗಿಡದ ಪರಾಗ ಮುಟ್ಟಿಸುತ್ತಿದ್ದೆ. ನೋಡಿದವರು ನಕ್ಕರು. ನಗಲಿ ಬಿಡಿ. ಅಂಗಡಿಯ ಹಣ್ಣು ಗೋಡೆಗೆ ಎಸೆದರೂ ಒಡೆಯುವುದಿಲ್ಲ, ಸಾರಿಗೆ ಹಾಕಿದರೆ ಮತ್ತೆ ಹುಣಸೆಹಣ್ಣು ಬೇಕು. ಅದನ್ನು ಕಂಡರೇ ನನಗೆ ಮೈಯೆಲ್ಲ ಉರಿಯುತ್ತದೆ.

ನಮ್ಮ ಮನೆಯದೇ ಒಂದು ತಳಿ ಇತ್ತು, ಅತ್ತೆ ತವರಿನಿಂದ ತಂದದ್ದು. ಮದುವೆಯಾಗಿ ಬಂದ ಹೊಸದರಲ್ಲಿ ಅದರ ಸಾರು ಉಂಡು ಬೆರಳು ಚೀಪಿದ್ದೆ. ವರ್ಷದಿಂದ ವರ್ಷಕ್ಕೆ ಅದು ಸಪ್ಪೆಯಾಗುತ್ತ ಬಂತು. ಮಣ್ಣು ಕೆಟ್ಟಿತು ಎಂದೆ, ಗೊಬ್ಬರವನ್ನು ಬೈದೆ, ಕಂಪನಿ ಬೀಜಕ್ಕೆ ಹಿಡಿಶಾಪ ಹಾಕಿದೆ. ಆ ರುಚಿ ವಾಪಸ್ಸು ಬರಬೇಕು, ಸತ್ವವೂ ಹೆಚ್ಚಬೇಕು ಎಂಬುದೇ ನನ್ನ ಹಟ. ಮೂರು ವರ್ಷದ ಹಣ್ಣೆಲ್ಲ ದನಕ್ಕೆ ಹೋಯಿತು.

ಈ ಸಲ ಒಂದೇ ಒಂದು ಗಿಡ ಒಲಿಯಿತು. ಅವತ್ತು ಬೆಳಿಗ್ಗೆ ಅದರ ಮೊದಲ ಹಣ್ಣು ಕಚ್ಚಿದಾಗ ಮೊದಲು ಹುಳಿ, ಅದರ ಬೆನ್ನಿಗೇ ಸಿಹಿ; ನಾನು ಅಲ್ಲೇ ಕೂತುಬಿಟ್ಟೆ. ಆ ಸಂಭ್ರಮದಲ್ಲಿ ಬೀಜ ಸಮೇತ ನುಂಗಿದ್ದೂ ಗೊತ್ತಾಗಲಿಲ್ಲ. ಇನ್ನೂ ಮೂರು ಹಣ್ಣು ಇದ್ದವಲ್ಲ. ಗಿಡಕ್ಕೆ ಅಂಗಮಾರಿ ರೋಗ ತಗುಲಿ ಕಾಂಡವೆಲ್ಲ ಕಪ್ಪಾಗಿತ್ತು, ಚಿಗುರೂ ಉಳಿದಿರಲಿಲ್ಲ; ಇನ್ನು ಬೇರೆ ಹಣ್ಣು ಬರುವಂತಿರಲಿಲ್ಲ. ಬೀಜಕ್ಕೆಂದು ಮೂರಕ್ಕೂ ಕೆಂಪು ಬಟ್ಟೆಯ ಚೂರು ಕಟ್ಟಿ, ಬೀಜ ತೊಳೆಯಲು ಸಣ್ಣ ಜರಡಿ ತರೋಣವೆಂದು ಬಸ್ಸು ಹತ್ತಿ ಆಲೂರಿಗೆ ಹೋದೆ.

ಮಧ್ಯಾಹ್ನ ಊಟಕ್ಕೆ ಬಂದಾಗ ಅತ್ತೆಯ ಮುಖ ಅರಳಿತ್ತು. ಅನ್ನದ ಮೇಲೆ ಸಾರು ಸುರಿದರು. ಒಂದು ತುತ್ತು ಬಾಯಿಗಿಟ್ಟೆ. ಮೊದಲು ಹುಳಿ, ಬೆನ್ನಿಗೇ ಸಿಹಿ.

"ಗೊತ್ತಾಯ್ತಾ?" ಎಂದರು. "ನಮ್ಮವ್ವನ ಮನೆ ರುಚಿ ಬಂದೈತೆ ಕಣವ್ವ."

"ಬಟ್ಟೆ ಕಟ್ಟಿದ್ದೆ. ಕಾಣಲಿಲ್ವಾ ಅತ್ತೆ?"

"ಕಾಣ್ತು. ಒಳ್ಳೇವು ಅಂತ ತಾನೆ ಕಟ್ಟಿದ್ದು? ಅದಕ್ಕೇ ಕಿತ್ತೆ."

"ಬೀಜಕ್ಕೆ ಒಂದೂ ಇಡಲಿಲ್ವಾ?"

"ಬೀಜಕ್ಕೆ ಯಾರಾದ್ರೂ ಒಳ್ಳೇದನ್ನ ಇಡ್ತಾರಾ? ಒಳ್ಳೇವು ಮನೆಯವ್ರಿಗೆ, ನೆಂಟರಿಗೆ. ಕಡೇಲಿ ಉಳ್ಕೊಂಡ ಸಣ್ಣಪುಟ್ಟವು ಬೀಜಕ್ಕೆ. ನಾನು ಬಂದಾಗ್ನಿಂದ ಹಂಗೇ ಮಾಡ್ಕೊಂಡು ಬಂದಿವ್ನಿ."

ಇಷ್ಟು ವರ್ಷ ರುಚಿಯಾದದ್ದನ್ನೆಲ್ಲ ನಾವು ಉಂಡಿದ್ದೆವು, ಸಪ್ಪೆಯಾದದ್ದನ್ನು ಬಿತ್ತಿದ್ದೆವು. ಮಣ್ಣಿನದೇನೂ ತಪ್ಪಿರಲಿಲ್ಲ. ಕೋಪ ನೆತ್ತಿಗೇರಿತು, ಆದರೆ ಬೆಳಿಗ್ಗೆ ನಾನೂ ಒಂದನ್ನು ನುಂಗಿದ್ದೆನಲ್ಲ, ಯಾರ ಮೇಲೆ ತೋರಿಸಲಿ? ಆದರೂ ಬಾಯಿ ಸುಮ್ಮನಿರಲಿಲ್ಲ.

"ಅತ್ತೆ, ನಿಮ್ಮ ತವರಿನ ರುಚಿ ಹೋಗಿದ್ದು ಹಂಗೇ. ಸಪ್ಪೆ ಹಣ್ಣಿನ ಬೀಜ ಹಾಕಿ ಹಾಕಿ."

"ಹಂಗಾರೆ ನಾನೇ ಕಳ್ದೆ ಅನ್ನು," ಎಂದರು.

ಆಮೇಲೆ ಪಾತ್ರೆಯ ತಳಕ್ಕೆ ಸೌಟು ಇಳಿಸಿ ಗಸಿ ಎತ್ತಿದರು. ಅದನ್ನು ಅಂಗೈಗೆ ಸುರಿದುಕೊಂಡು, ಬೆರಳಲ್ಲಿ ಒಂದೊಂದೇ ಬೀಜ ಬೇರೆ ಮಾಡತೊಡಗಿದರು. ಏಳೋ ಎಂಟೋ ಸಿಕ್ಕವು.

"ಇವು ಹುಟ್ಟಲ್ವಾ?"

"ಬೆಂದೋಗವೆ ಅತ್ತೆ," ಎಂದೆ.

ಅವರು ಅಂಗೈ ಮುಚ್ಚಿಕೊಂಡರು.