ಜಲಜಾಕ್ಷಿಯ ಟೊಮೆಟೊ ಬಾಟಲಿ

ಕೊಲ್ಲಿ ದೇಶದ ಸತ್ವಾ ಬಡಾವಣೆಯ ಹಳೆಯ ವಿಲ್ಲಾವೊಂದರ ಹಿಂದಿನ ಅಂಗಳದಲ್ಲಿ, ಖಾಲಿ ಪೇಂಟ್ ಡಬ್ಬಿಗಳಲ್ಲಿ, ಜಲಜಾಕ್ಷಿ ಟೊಮೆಟೊ ಬೆಳೆಯುತ್ತಿದ್ದಳು. ಉಡುಪಿ ಕಡೆಯವಳು. ಐವತ್ತು ದಾಟಿದೆ, ಮದುವೆಯ ಗೊಡವೆಗೆ ಹೋದವಳಲ್ಲ. ಹತ್ತಿರದ ಟೈಲರ್ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸ. ಚಳಿಗಾಲದಲ್ಲಿ ಗಿಡಗಳು ಒಬ್ಬಳು ತಿಂದು ಮುಗಿಸಲಾರದಷ್ಟು ಹಣ್ಣು ಬಿಡುತ್ತಿದ್ದವು.

ಅವನ್ನು ಬಾಟಲಿಯಲ್ಲಿ ಕಾಪಿಡುವ ಬಗೆಯನ್ನು ಅಂಗಡಿಗೆ ಬರುವ ಸಿರಿಯಾದ ಹೆಂಗಸೊಬ್ಬಳು ಕಲಿಸಿದ್ದಳು. ಸಿಪ್ಪೆ ಸುಲಿದು ಬೇಯಿಸಿ, ನಿಂಬೆರಸ ಹಿಂಡಿದ ಬಾಟಲಿಗೆ ಕುತ್ತಿಗೆಯವರೆಗೆ ಮಾತ್ರ ತುಂಬಿ, ಹೊಸ ಮುಚ್ಚಳ ಹಾಕಿ, ದೊಡ್ಡ ಪಾತ್ರೆಯ ನೀರಿನಲ್ಲಿ ಮುಳುಗಿಸಿ ಕುದಿಸಬೇಕು. ಹೊರಗಿಟ್ಟು ಆರಿಸಿದರೆ ಒಂದೊಂದೇ ಮುಚ್ಚಳ ಟಕ್ ಎಂದು ಒಳಕ್ಕೆ ಕುಗ್ಗುತ್ತದೆ. ಆ ಸದ್ದಿಗಾಗಿ ಜಲಜಾಕ್ಷಿ ರಜೆಯ ದಿನ ಸ್ಟೂಲು ಹಾಕಿಕೊಂಡು ಕಾಯುತ್ತಿದ್ದಳು. ಆ ಅಡಿಗೆಮನೆಯಲ್ಲಿ ಕೇಳಲು ಬೇರೆ ಯಾವ ಸದ್ದಿತ್ತು ಹೇಳಿ.

ವಿಲ್ಲಾದ ಇನ್ನರ್ಧಕ್ಕೆ ಸಬೀನ ಎಂಬ ನಮ್ಮ ಕರಾವಳಿಯ ಬ್ಯಾರಿ ಮುಸ್ಲಿಂ ಹುಡುಗಿ ಗಂಡ ಇಲ್ಯಾಸನ ಜೊತೆ ಬಾಡಿಗೆಗೆ ಬಂದಾಗ ಜಲಜಾಕ್ಷಿಗೆ ಆಸೆ ಹುಟ್ಟಿತು. ಬಾಡಿಗೆ ಬೇರೆ, ಅಡಿಗೆಮನೆ ಬೇರೆ, ಅಂಗಳ ಮಾತ್ರ ಒಂದೇ. ಊರಿನ ಮಾತಾಡುವ ಒಂದು ಜೀವ ಗೋಡೆಯಾಚೆಗೇ ಬಂದಿದೆ! ಬಟ್ಟೆ ಒಣಹಾಕಲು ಬಂದ ಸಬೀನಳ ಕೈಗೆ ಮೂರು ಬಾಟಲಿ ಇಟ್ಟಳು. ಉದಾರತೆ ಎಂದುಕೊಳ್ಳಬೇಡಿ, ಅದರಲ್ಲಿ ಲೆಕ್ಕಾಚಾರವಿತ್ತು. ನಮ್ಮ ಕರಾವಳಿಯಲ್ಲಿ, ಯಾವ ಜಾತಿಯವರೇ ಆಗಲಿ, ನೆರೆಮನೆಯ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಏನನ್ನಾದರೂ ಹಾಕಿಯೇ ಕೊಡುತ್ತಾರೆ. ಬಾಟಲಿ ಬಂದರೆ ಅದನ್ನು ಹಿಡಿದವಳೂ ಬರುತ್ತಾಳೆ, ಬಂದವಳು ಕೂರುತ್ತಾಳೆ, ಕೂತವಳಿಗೆ ಚಹಾ ಕೊಡಬಹುದು.

ಬಾಟಲಿ ಬರಲಿಲ್ಲ. ಬದಲಿಗೆ ಸಬೀನ ತಪ್ಪಿಸಿಕೊಂಡು ತಿರುಗತೊಡಗಿದಳು. ಜಲಜಾಕ್ಷಿ ಗಿಡಗಳಿಗೆ ನೀರು ಹಾಕಲು ಹೊರಬಂದರೆ ಅವಳು ಬಟ್ಟೆಯ ಬುಟ್ಟಿ ಎತ್ತಿಕೊಂಡು ಒಳನಡೆದಳು. ಮಧ್ಯಾಹ್ನ ಒಲೆ ಹಚ್ಚುವ ಹೊತ್ತಿಗೆ ಅಂಗಳದ ಕಡೆಯ ಕಿಟಕಿಯನ್ನೂ ಮುಚ್ಚತೊಡಗಿದಳು. ಜಲಜಾಕ್ಷಿಯ ಮೂಗಿನ ತುದಿಯಲ್ಲೇ ಇರುವ ಕೋಪ ಸುಮ್ಮನಿದ್ದೀತೆ? ನಾನು ಕೊಟ್ಟದ್ದನ್ನು ಕಸಕ್ಕೆ ಸುರಿದಿರಬೇಕು, ನನ್ನ ಮುಖ ನೋಡಿದರೇ ಆಗುವುದಿಲ್ಲ ಇವಳಿಗೆ ಎಂದುಕೊಂಡಳು. ತಾನೂ ಮುಖ ತಿರುಗಿಸಿದಳು. ಒಳಗೊಳಗೇ ಅತ್ತಳು ಕೂಡ.

ಬಿಸಿಲು ಏರಿ ಗಿಡಗಳು ಒಣಗಿದವು. ಒಂದು ಶುಕ್ರವಾರ ಬೆಳಿಗ್ಗೆ ಗೇಟಿನ ಮುಂದೆ ಪಿಕಪ್ ಬಂದು ನಿಂತಿತು. ಇಲ್ಯಾಸನಿಗೆ ದೂರದ ಮುಸಫ್ಫಾಕ್ಕೆ ವರ್ಗವಾಗಿತ್ತು. ಮಂಚ, ಫ್ರಿಜ್ಜು ಎಲ್ಲ ಹೇರಿಯಾದ ಮೇಲೆ ಸಬೀನ ಜಲಜಾಕ್ಷಿಯ ಬಾಗಿಲಿಗೆ ಬಂದಳು. ಕೈಯಲ್ಲಿ ಆ ಮೂರು ಬಾಟಲಿಗಳು, ಮೂರರಲ್ಲೂ ಸಕ್ಕರೆ.

"ಖಾಲಿ ಕೊಡ್ಲಿಕ್ಕೆ ಮನಸ್ಸಾಗ್ಲಿಲ್ಲ ಅಕ್ಕ, ನಿಮ್ಮೆದುರು ಬರ್ಲಿಕ್ಕೂ ನಾಚಿಕೆ," ಎಂದಳು. "ಏನಾದ್ರೂ ಮಾಡಿ ಹಾಕುವ ಅಂದ್ರೆ ನಮ್ಮದೆಲ್ಲ ಮೀನು, ಕೋಳಿ ಇರಚಿ ಬೇಯಿಸಿದ ಪಾತ್ರೆ. ನೀವು ತಿನ್ನುವವರಲ್ಲ ಅಲ್ವಾ? ಇದು ಪ್ಯಾಕೆಟ್ ಒಡೆದು ಹಾಗೇ ಹಾಕಿದ್ದು, ಏನೂ ತಾಗ್ಲಿಲ್ಲ. ನಿಮಗೆ ವಾಸನೆ ಬರ್ಬಾರ್ದು ಅಂತ ಮೀನು ಕಾಯಿಸುವಾಗ ಕಿಟಕಿ ಸಹ ಮುಚ್ತಿದ್ದೆ."

ತಾನು ಮೀನು ತಿನ್ನುವುದಿಲ್ಲವೆಂದು ಯಾರು ಹೇಳಿದ್ದು ಎಂದು ಜಲಜಾಕ್ಷಿ ಕೇಳಿದಳು. ಯಾರೂ ಹೇಳಿರಲಿಲ್ಲ. ಇಷ್ಟು ದಿನಗಳಲ್ಲಿ ಈ ಮನೆಗೆ ಮೀನು ತಂದದ್ದನ್ನು ಸಬೀನ ಒಮ್ಮೆಯೂ ನೋಡಿರಲಿಲ್ಲ, ಅಷ್ಟೇ.

"ಒಬ್ಬಳಿಗೋಸ್ಕರ ಯಾರು ಮೀನು ತರ್ತಾರೆ ಮಾರಾಯ್ತಿ," ಎಂದಳು ಜಲಜಾಕ್ಷಿ.

ಸಬೀನ ಜಲಜಾಕ್ಷಿಯ ಕೈ ಹಿಡಿದುಕೊಂಡು ನಿಂತಳು. ಡ್ರೈವರ್ ಯಲ್ಲಾ ಯಲ್ಲಾ ಎಂದು ಅವಸರಪಡಿಸಿದ. ಇಲ್ಯಾಸ್ ಕರೆದ. ಅವಳು ಕಣ್ಣೊರೆಸಿಕೊಳ್ಳುತ್ತ ಹೋಗಿ ಗಾಡಿ ಹತ್ತಿದಳು.

ಸಂಜೆ ಜಲಜಾಕ್ಷಿ ಹೋಗಿ ಬಂಗುಡೆ ತಂದಳು. ತೊಳೆದು, ಮಸಾಲೆ ಹಚ್ಚಿ, ಕಾವಲಿಯಲ್ಲಿ ಕಾಯಿಸಿದಳು. ಒಬ್ಬಳೇ ಕೂತು ಊಟ ಮಾಡಿದಳು. ಮೀನು ತುಂಬ ರುಚಿಯಾಗಿತ್ತು, ಹಾಗೆಂದು ಹೇಳಲು ಗೋಡೆಯಾಚೆ ಯಾರೂ ಇರಲಿಲ್ಲ.